ಬೆನ್ನಿರುವ ಕುರ್ಚಿ

ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಆಳೆತ್ತರದ ನೀಲಿ ಅಕ್ಷರಗಳಲ್ಲಿ ‘ಇಲ್ಲಿ ಶಿಕ್ಷಣ ಉಚಿತ’ ಎಂದು ಬರೆಸಿದ್ದರು. ಬರೆಸಿದವರು ಸುಳ್ಳೇನೂ ಹೇಳಿರಲಿಲ್ಲ. ಶಿಕ್ಷಣ ಉಚಿತವೇ. ಬೂಟು, ಬೆಲ್ಟು, ಬ್ಯಾಡ್ಜು, ಪರೀಕ್ಷೆಯ ಹಾಳೆ, ನೀರಿನ ಟ್ಯಾಂಕು ತೊಳೆಸುವ ಚಂದಾ, ಇವಿಷ್ಟು ಮಾತ್ರ ಬೇರೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆ ವರ್ಷ ಈ ಬೇರೆಗಳ ಜೊತೆಗೆ ಹೊಸದಾಗಿ ಸೇರಿಕೊಂಡದ್ದು ಕುರ್ಚಿ.

ಮೊದಲು ಬೆಂಚುಗಳಿದ್ದವು. ಅವು ಒಂದೊಂದಾಗಿ ಮುರಿದು ಒಲೆ ಸೇರಿದವು. ಹೊಸ ಬೆಂಚು ಕೇಳಿ ಬರೆದ ಅರ್ಜಿಗಳಿಗೆ ಮೇಲಿನಿಂದ ಉತ್ತರ ಬರಲಿಲ್ಲ. ಹೆಡ್‌ಮಾಸ್ಟರು ಕೆಟ್ಟವರೇನಲ್ಲ, ಆದರೆ ತಮ್ಮ ತಲೆನೋವನ್ನು ಇನ್ನೊಬ್ಬರ ತಲೆಗೆ ಕಟ್ಟುವುದರಲ್ಲಿ ಪಳಗಿದವರು. ಪಾಲಕರ ಸಭೆ ಕರೆದು, ಪ್ರತಿ ಮಗುವೂ ಮನೆಯಿಂದ ಒಂದು ಕುರ್ಚಿ ತರಬೇಕೆಂದು ಸಾರಿಬಿಟ್ಟರು. ಪ್ಲಾಸ್ಟಿಕ್ ಕೂಡದು, ಅದರ ಕಾಲು ಮುರಿದರೆ ಮಗುವಿನ ಕಾಲೂ ಮುರಿಯುತ್ತದೆ. ತಂದ ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು ಬೀಳುತ್ತದೆ. ನಂಬರು ಬಿದ್ದ ಕುರ್ಚಿ ಆ ಮಗು ಶಾಲೆ ಮುಗಿಸುವವರೆಗೆ ಗೇಟು ದಾಟುವಂತಿಲ್ಲ. ಈ ಕೊನೆಯ ನಿಯಮಕ್ಕೂ ಅವರ ಬಳಿ ಕಾರಣವಿತ್ತು. ಬೇರೆ ಒಂದು ಶಾಲೆಯಲ್ಲಿ ಹೀಗೆಯೇ ಕುರ್ಚಿ ತರಿಸಿದಾಗ, ಮನೆಗೆ ನೆಂಟರು ಬಂದಾಗಲೆಲ್ಲ ಪಾಲಕರು ಪಾಠದ ನಡುವೆ ಬಂದು ಮಕ್ಕಳನ್ನೆಬ್ಬಿಸಿ ಕುರ್ಚಿ ಹೊತ್ತುಕೊಂಡು ಹೋಗುತ್ತಿದ್ದರಂತೆ.

ಆ ಸಭೆಯಲ್ಲಿ ಎದ್ದು ನಿಂತು ಸ್ಟೂಲ್ ನಡೆಯುತ್ತದೆಯೇ ಎಂದು ಕೇಳಿದವಳು ಕತ್ತರಿಯಕ್ಕ.

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಊರಿನ ಗಂಡಸರ ಅರ್ಧಕ್ಕರ್ಧ ತಲೆಗಳು ಅವಳ ಕೈ ಕೆಳಗೆ ಹಾದುಹೋಗುತ್ತಿದ್ದುದರಿಂದ ಈ ಹೆಸರೇ ನಿಂತಿತ್ತು. ಗಂಡ ಲಾರಿ ಓಡಿಸುವವನು, ಮನೆಗಿಂತ ದಾರಿಯಲ್ಲೇ ಹೆಚ್ಚು. ಕ್ಷೌರದಂಗಡಿ ಅವಳ ಅಪ್ಪನದು. ಅಪ್ಪನ ಕೈ ನಡುಗಲು ಶುರುವಾದಾಗ, ಗಿರಾಕಿಗಳ ಕತ್ತಿನ ಕ್ಷೇಮಕ್ಕಾಗಿ ಮಗಳು ಕತ್ತಿ ಹಿಡಿದಳು. ಹೆಂಗಸಿನ ಕೈಯಲ್ಲಿ ಕ್ಷೌರವೇ ಎಂದು ಮೂಗು ಮುರಿದವರು ಒಂದು ವಾರ ಬೇರೆ ಕಡೆ ಹೋಗಿ, ಕೊಯ್ಸಿಕೊಂಡು ವಾಪಸು ಬಂದರು.

ಹೆಡ್‌ಮಾಸ್ಟರು ನಕ್ಕು ಹೇಳಿದರು, “ಬೆನ್ನಿರ್ಬೇಕಮ್ಮ. ಮಗು ಒರಗಬೇಕಲ್ಲ. ಬೆನ್ನಿರೋ ಯಾವ ಕುರ್ಚಿಯಾದ್ರೂ ತನ್ನಿ, ನಾನು ಬೇಡ ಅನ್ನಲ್ಲ. ಒಂದು ಕುರ್ಚಿ ಇಲ್ಲದ ಮನೆ ಯಾವುದಿದೆ ಹೇಳಿ.”

ಸಭೆ ನಕ್ಕಿತು. ನಗದೇ ಇದ್ದ ಕೆಲವರು ತಮ್ಮ ತಮ್ಮ ಕಾಲಬೆರಳು ನೋಡಿಕೊಂಡರು. ಕುರ್ಚಿ ಇಲ್ಲದವರಿಗೂ ದಾರಿಯಿದೆ ಎಂದು ಹೆಡ್‌ಮಾಸ್ಟರು ಸಮಾಧಾನ ಹೇಳಿದರು. ಗೇಟಿನ ಎದುರಿಗೇ ಮರದ ಸಾಮಾನಿನ ಅಂಗಡಿಯಿತ್ತು. ಅದು ಅವರ ಭಾವಮೈದನದು ಎನ್ನುವುದನ್ನು ಅವರು ಹೇಳಲಿಲ್ಲ, ಊರಿಗೆ ಗೊತ್ತಿದ್ದ ವಿಷಯವನ್ನು ಏಕೆ ಹೇಳಬೇಕು? ಅಲ್ಲಿನ ಒಂದು ಕುರ್ಚಿಯ ಬೆಲೆಗೆ ಕತ್ತರಿಯಕ್ಕ ಊರಿನ ತಲೆಗಳನ್ನೆಲ್ಲ ಒಂದು ಸುತ್ತು ಬೋಳಿಸಬೇಕಿತ್ತು. “ತಲೆ ಬೋಳಿಸೋದು ನನ್ನ ಕಸುಬು. ಇವರು ಯಾವಾಗ ಕಲಿತರೋ” ಎಂದು ಅವಳು ದಾರಿಯುದ್ದಕ್ಕೂ ಗೊಣಗುತ್ತ ಮನೆಗೆ ಬಂದಳು.

ಮನೆಯೆಂದರೆ ಅಂಗಡಿಯ ಹಿಂದಿನ ಒಂದು ಕೋಣೆ. ಅಲ್ಲಿ ಚಾಪೆಯಿತ್ತು, ಟ್ರಂಕಿತ್ತು, ಅಪ್ಪನಿಗೊಂದು ಮಂಚವಿತ್ತು. ಕೂರುವುದು, ಉಣ್ಣುವುದು, ಓದುವುದು ಎಲ್ಲ ನೆಲದ ಮೇಲೆ. ಕುರ್ಚಿ ಎನ್ನುವಂಥದ್ದು ಇದ್ದುದು ಒಂದೇ, ಅದೂ ಮುಂದಿನ ಅಂಗಡಿಯಲ್ಲಿ. ಕಬ್ಬಿಣದ ಪಾದ, ಕೆಳಗೆ ಪೆಡಲ್, ತುಳಿದರೆ ಮೇಲೇಳುತ್ತಿತ್ತು, ನೂಕಿದರೆ ತಿರುಗುತ್ತಿತ್ತು, ಹಿಂದೆ ತಲೆಯಿಡಲು ತೊಗಲಿನ ದಿಂಬು. ಅಪ್ಪ ಹರೆಯದಲ್ಲಿ, ಮುಚ್ಚಿಹೋಗುತ್ತಿದ್ದ ದೊಡ್ಡ ಸಲೂನೊಂದರಿಂದ ಅದನ್ನು ತಂದಿದ್ದ. ಹರಿದಲ್ಲಿ ಸೈಕಲ್ ಟ್ಯೂಬಿನ ತೇಪೆ ಹಾಕಿ ಇಷ್ಟು ವರ್ಷ ದುಡಿಸಿಕೊಂಡಿದ್ದ. ಆ ಕುರ್ಚಿಗೆ ಸಂಬಂಧಿಸಿ ಅವನದೊಂದು ಕಟ್ಟುಪಾಡಿತ್ತು. ಕುರ್ಚಿ ಗಿರಾಕಿಯದು, ಮನೆಯವರು ಯಾರೂ ಅದರ ಮೇಲೆ ಕೂರಬಾರದು. ಕೂತರೆ ಸುಖ ಹತ್ತುತ್ತದೆ, ಸುಖ ಹತ್ತಿದ ಕೈ ಕತ್ತರಿ ಹಿಡಿಯುವುದಿಲ್ಲ ಎನ್ನುವುದು ಅವನ ಸಿದ್ಧಾಂತ. ಅಂಗಡಿ ಖಾಲಿಯಿದ್ದಾಗಲೂ ಅಪ್ಪ ಪಕ್ಕದ ಮರದ ಪೆಟ್ಟಿಗೆಯ ಮೇಲೇ ಕೂರುತ್ತಿದ್ದ. ಕತ್ತರಿಯಕ್ಕ ಆ ಕುರ್ಚಿಯ ಸುತ್ತ ಅರ್ಧ ಆಯುಷ್ಯ ನಿಂತೇ ಕಳೆದಿದ್ದಳು. ಒಮ್ಮೆಯೂ ಅದರ ಮೇಲೆ ಕೂತಿರಲಿಲ್ಲ.

ಹೀಗಾಗಿ ಅವಳ ಮಗಳು ತರಗತಿಯಲ್ಲಿ ನೆಲದ ಮೇಲೆ ಕೂತಳು. ಮಗಳನ್ನು ಎಲ್ಲರೂ ಸೂಜಿ ಎನ್ನುತ್ತಿದ್ದರು, ಮೈಯೂ ಹಾಗೆ, ಮಾತೂ ಹಾಗೆ. ಅವಳ ಜೊತೆ ನೆಲಕ್ಕೆ ಬಿದ್ದವರು ಇನ್ನು ನಾಲ್ವರು: ರಾತ್ರಿ ಕಾವಲುಗಾರನ ಮಗಳು, ಇಸ್ತ್ರಿ ಮಾಡುವವಳ ಅವಳಿ ಮಕ್ಕಳು, ಒಬ್ಬ ಹಮಾಲಿಯ ಮಗ. ಕುರ್ಚಿಗಳೆಲ್ಲ ಮುಂದೆ, ನೆಲದವರು ಹಿಂದೆ.

ಮೊದಮೊದಲು ಸೂಜಿ ಅದನ್ನೂ ತಮಾಷೆ ಮಾಡಿಕೊಂಡಿದ್ದಳು. ಯಾರ ಬೂಟಿನ ತಳ ಸವೆದಿದೆ, ಯಾರು ಪಾಠದ ನಡುವೆ ಕಾಲ್ಚೀಲ ಕಳಚುತ್ತಾರೆ ಎಂದು ಬಂದು ತಾತನಿಗೆ ವರದಿ ಒಪ್ಪಿಸುತ್ತಿದ್ದಳು. ಕಿರುಪರೀಕ್ಷೆ ಬಂತು. ಬೋರ್ಡಿನ ಮೇಲೆ ಬರೆದ ಲೆಕ್ಕಗಳಲ್ಲಿ ಸೂಜಿ ಮೊದಲಿನವನ್ನೆಲ್ಲ ಸರಿಯಾಗಿ ಮಾಡಿ, ಉಳಿದವನ್ನು ಮುಟ್ಟಿಯೇ ಇರಲಿಲ್ಲ. ಸೋಮಾರಿತನವೇ ಎಂದು ಕತ್ತರಿಯಕ್ಕ ಗದರಿದಳು. ಹುಡುಗಿ ತಲೆ ತಗ್ಗಿಸಲಿಲ್ಲ, ಅಮ್ಮನನ್ನೇ ನೋಡುತ್ತ ಹೇಳಿದಳು, “ನೆಲದಲ್ಲಿ ಕೂತರೆ ಮುಂದಿನ ಕುರ್ಚಿ ಅಡ್ಡ ಬರತ್ತಮ್ಮ. ಬೋರ್ಡಿನ ಮೇಲರ್ಧ ಮಾತ್ರ ಕಾಣತ್ತೆ.”

ಕತ್ತರಿಯಕ್ಕನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಬೂಟಿಗೆ ಕೊಟ್ಟಿದ್ದಾಳೆ, ಬೆಲ್ಟಿಗೆ ಕೊಟ್ಟಿದ್ದಾಳೆ, ತಾನು ಒಮ್ಮೆಯೂ ನೋಡದ ನೀರಿನ ಟ್ಯಾಂಕಿಗೂ ಕೊಟ್ಟಿದ್ದಾಳೆ. ಇಷ್ಟೆಲ್ಲ ಕೊಟ್ಟು ಮಗಳಿಗೆ ಸಿಕ್ಕಿದ್ದು ಅರ್ಧ ಬೋರ್ಡು. ಗದರಿದ್ದಕ್ಕಾಗಿ ಮಗಳ ತಲೆ ಸವರಿದಳು.

ಅದೇ ವಾರ ಇನ್ನೊಂದು ಅಪ್ಪಣೆ ಹೊರಟಿತು. ತಿಂಗಳ ಕೊನೆಗೆ ಮೇಲಧಿಕಾರಿಗಳು ಶಾಲೆ ನೋಡಲು ಬರುತ್ತಾರೆ, ಅಂದು ಯಾವ ಮಗುವೂ ನೆಲದ ಮೇಲೆ ಕೂತಿರಕೂಡದು. ಕೇಳಲು ಎಷ್ಟು ಚೆನ್ನಾಗಿದೆ! ಅದರ ಅರ್ಥ ಮಾತ್ರ ಬೇರೆ: ಅಷ್ಟರೊಳಗೆ ಕುರ್ಚಿ ತರದವರ ಹೆಸರನ್ನು ಹಾಜರಿಯಿಂದ ಹೊಡೆದುಹಾಕಲಾಗುವುದು.

ಕತ್ತರಿಯಕ್ಕ ಅಂದು ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ನೆಲದ ಮೇಲೆ ಕೂತು, ಕಬ್ಬಿಣದ ಪಾದದ ಬೋಲ್ಟುಗಳನ್ನು ಬಿಚ್ಚತೊಡಗಿದಳು. ಅಪ್ಪ ಪೆಟ್ಟಿಗೆಯ ಮೇಲಿಂದ ನೋಡುತ್ತಿದ್ದ. ನಿನ್ನ ಹೊಟ್ಟೆಯ ಮೇಲೆ ನೀನೇ ಹೊಡೆದುಕೊಳ್ಳುತ್ತಿದ್ದೀಯಲ್ಲ ಎಂದು ಅವನು ಬಯ್ಯುತ್ತಾನೆಂದು ಅವಳು ಕಾದಿದ್ದಳು. ಅವನು ಎದ್ದು ಬಂದು, ನಡುಗುವ ಕೈಯಲ್ಲೇ ಎಣ್ಣೆಯ ಡಬ್ಬಿ ಹಿಡಿದು ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟ. ಅರ್ಧ ಎಣ್ಣೆ ಅವಳ ಕೈಮೇಲೆ ಬಿತ್ತು.

“ಎಡಕ್ಕೆ ತಿರುಗಿಸು” ಎಂದ. “ಅವರು ಚಾಪೆ ಕೆಳಗೆ ತೂರಿದ್ರೆ ನೀನು ರಂಗೋಲಿ ಕೆಳಗೆ ತೂರು.”

ಮರುದಿನ ಬೆಳಿಗ್ಗೆ ತರಕಾರಿಯವನ ಕೈಗಾಡಿಯ ಮೇಲೆ ಕ್ಷೌರದ ಕುರ್ಚಿ ಮೆರವಣಿಗೆ ಹೊರಟಿತು. ತರಕಾರಿಯವನು ಮುಂದೆ, ಸೈಕಲ್ ರಿಪೇರಿಯವನು ಹಿಂದೆ, ಪಕ್ಕದಲ್ಲಿ ಸೂಜಿ ಬ್ಯಾಗು ಹೊತ್ತು ಗಂಭೀರವಾಗಿ ನಡೆಯುತ್ತಿದ್ದಳು. ಅವರಿಬ್ಬರೂ ಕತ್ತರಿಯಕ್ಕನೂ ಸೇರಿ ಅದನ್ನು ತರಗತಿಯೊಳಗೆ ಇಳಿಸಿದಾಗ ಮಕ್ಕಳೆಲ್ಲ ಎದ್ದು ನಿಂತರು. ಪಾಠ ಮಾಡುತ್ತಿದ್ದ ಟೀಚರು ವಯಸ್ಸಿನಲ್ಲಿ ಚಿಕ್ಕವಳು, ಸೆರಗು ಬಾಯಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು. ಹೆಡ್‌ಮಾಸ್ಟರು ಓಡುತ್ತ ಬಂದರು.

ಇದೇನಿದು ಎಂದು ಅವರು ಕೇಳಿದರು.

“ಕುರ್ಚಿ ಸರ್” ಎಂದಳು ಕತ್ತರಿಯಕ್ಕ. “ಬೆನ್ನಿದೆ, ಕೈಯಿದೆ, ತಲೆ ಇಡೋಕೂ ಜಾಗ ಇದೆ. ಪ್ಲಾಸ್ಟಿಕ್ ಅಲ್ಲ. ನಿಮಗೂ ಗೊತ್ತಲ್ಲ, ಪ್ರತಿ ಶನಿವಾರ ಕೂರ್ತೀರಿ.”

ಅದು ನಿಜ. ಹೆಡ್‌ಮಾಸ್ಟರ ಗಲ್ಲದ ಚರ್ಮ ಬಲು ನಾಜೂಕು. ಬೇರೆಯವರ ಕತ್ತಿ ತಾಗಿದರೆ ದದ್ದು ಏಳುತ್ತಿತ್ತು. ಮೊದಲು ಅಪ್ಪನ ಬಳಿ, ಈಗ ಮಗಳ ಬಳಿ, ಆ ಕುರ್ಚಿಯ ಮೇಲೆ ಅವರು ಕಣ್ಣು ಮುಚ್ಚಿ ಒರಗುವವರು. ಇದು ಶಾಲೆಗೆ ತರುವಂಥ ಕುರ್ಚಿಯಲ್ಲ ಎಂದು ಅವರು ಹೇಳಲು ಬಾಯಿ ತೆರೆದರು. ಬೆನ್ನಿರುವ ಯಾವ ಕುರ್ಚಿಯಾದರೂ ಸರಿ ಎಂದು ಸಭೆಯಲ್ಲಿ ಹೇಳಿದ ಬಾಯೂ ಅದೇ. ಸೈಕಲ್ ರಿಪೇರಿಯವನು ಆ ಮಾತನ್ನು ನೆನಪಿಸಿದ. ಹೆಡ್‌ಮಾಸ್ಟರು ಮುಖ ಬಿಗಿದುಕೊಂಡು, ಸರಿ ಹಾಗಾದರೆ, ನಂಬರು ಹಾಕಿಸುತ್ತೇನೆ ಎಂದರು. ಹಾಗೆಂದರೆ ಅವಳು ಹೆದರಿ ವಾಪಸು ಒಯ್ಯುತ್ತಾಳೆ ಎಂದು ಅವರ ಲೆಕ್ಕ. ಅವಳ ದುಡಿಮೆ ನಿಂತಿರುವುದೇ ಆ ಕಬ್ಬಿಣದ ಪಾದದ ಮೇಲೆ ಎನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಹಾಕ್ಸಿ ಸರ್” ಎಂದಳು ಅವಳು. ಜವಾನ ಬಂದು ತೊಗಲಿನ ಬೆನ್ನಿಗೆ ಬಿಳಿ ನಂಬರು ಬರೆಯುವವರೆಗೆ ಅಲ್ಲೇ ನಿಂತಿದ್ದಳು. ಸೂಜಿ ಹತ್ತಿ ಕೂತಳು. ಅವಳ ಕಾಲು ಫುಟ್‌ರೆಸ್ಟಿಗೂ ಎಟುಕುತ್ತಿರಲಿಲ್ಲ. ಬಾಗಿಲ ಬಳಿ ಹೋಗಿ ಒಮ್ಮೆ ತಿರುಗಿ ನೋಡಿದಾಗ ಕತ್ತರಿಯಕ್ಕನ ಹೆಜ್ಜೆ ಹೊಸ್ತಿಲಲ್ಲೇ ನಿಂತುಬಿಟ್ಟಿತು. ಯಾಕೆಂದು ಅವಳಿಗೆ ಆಗ ಹೊಳೆಯಲಿಲ್ಲ. ಅಂಗಡಿಯ ಚಿಂತೆಯಿರಬೇಕು ಎಂದುಕೊಂಡಳು.

ಚಿಂತೆಗೆ ಬೇಕಾದಷ್ಟು ಕಾರಣವಿತ್ತು. ಕ್ಷೌರಕ್ಕೆ ಬಂದವನು ಸ್ಟೂಲಿನ ಮೇಲೆ ಕೂತರೆ ತಲೆ ಹಿಂದಕ್ಕೆ ವಾಲಿಸಲು ಆಸರೆಯಿಲ್ಲ. ಆಸರೆಗೆ ತಾನಿದ್ದೇನೆ ಎಂದು ಅಪ್ಪ ಹಿಂದೆ ನಿಂತ. ಗಿರಾಕಿಗಳು ಅವನ ಹೊಟ್ಟೆಗೆ ತಲೆಯಾನಿಸಿ ಕೂರುತ್ತಿದ್ದರು. ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ಕಟುಕನ ಕ್ಷೌರದ ನಡುವೆ ಯಾರೋ ಒಂದು ಜೋಕು ಹೇಳಿದರು. ಅಪ್ಪನಿಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಕುಲುಕಿತು, ಹೊಟ್ಟೆಯ ಜೊತೆ ತಲೆ, ತಲೆಯ ಜೊತೆ ಗಲ್ಲ. ದಿನವಿಡೀ ರಕ್ತ ನೋಡುವ ಆಸಾಮಿ ತನ್ನ ಗಲ್ಲದ ಒಂದು ಹನಿ ಕಂಡು ಕೂಗಿಕೊಂಡ. ರಕ್ತ ನಿಲ್ಲಿಸುವ ಪಟಿಕದ ಕಲ್ಲು ಉಜ್ಜಿ ಅವನನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ, ಕಾಯುತ್ತಿದ್ದ ಉಳಿದಿಬ್ಬರು ಸದ್ದಿಲ್ಲದೆ ಜಾಗ ಖಾಲಿ ಮಾಡಿದ್ದರು.

ಕೊನೆಗೆ ಅವಳು ಸ್ಟೂಲನ್ನು ಗೋಡೆಗೆ ಒತ್ತಿ ಇಟ್ಟು, ತಲೆಯೆತ್ತರಕ್ಕೆ ಗೋಡೆಗೊಂದು ಸಣ್ಣ ದಿಂಬನ್ನು ಮೊಳೆ ಹೊಡೆದು ಕೂರಿಸಿದಳು. ಗಡ್ಡಕ್ಕೆ ಅದು ಸಾಕಾಗುತ್ತಿತ್ತು. ಕೂದಲು ಕತ್ತರಿಸುವಾಗ ಮಾತ್ರ ಗಿರಾಕಿ ಗೋಡೆಗೆ ಮುಖ ಮಾಡಿ ಒಮ್ಮೆ, ಬೆನ್ನು ಮಾಡಿ ಒಮ್ಮೆ ಕೂರಬೇಕಿತ್ತು. ಅವಳ ಮೇಲೆ ಅಭಿಮಾನವಿದ್ದವರು ಕೂತರು. ಊರಿನ ಇನ್ನೊಂದು ತುದಿಯ ಗಾಜಿನ ಬಾಗಿಲಿನ ಸಲೂನು ಕಂಡವರು ಅತ್ತ ಹೋದರು. ಸಂಪಾದನೆ ಇಳಿಯಿತು. ಸಂಜೆಯ ಅಡುಗೆ ತೆಳ್ಳಗಾಯಿತು. ಆದರೂ ಸೂಜಿ ಮನೆಗೆ ಬಂದಾಗ ಕತ್ತರಿಯಕ್ಕ ಕೇಳುತ್ತಿದ್ದ ಮೊದಲ ಪ್ರಶ್ನೆ, ಬೋರ್ಡು ಪೂರ್ತಿ ಕಂಡಿತೇ ಎಂದು. ಕಂಡಿತು ಎಂದು ಮಗಳು ಹೇಳಿದರೆ ಅವಳಿಗೆ ಆ ತೆಳ್ಳನೆಯ ಊಟವೂ ರುಚಿಸುತ್ತಿತ್ತು.

ಒಂದು ಸಂಜೆ ಆ ಪ್ರಶ್ನೆ ಬಂದಾಗ ಸೂಜಿ ಚಾಪೆಯ ತುದಿ ಕೀಳುತ್ತ ಕೂತಿದ್ದಳು. ಕೆದಕಿ ಕೇಳಿದಾಗ ಹೇಳಿದಳು.

“ನನ್ನ ಕುರ್ಚಿ ತುಂಬ ದೊಡ್ಡದಮ್ಮ. ಹಿಂದೆ ಕೂತವರಿಗೆ ಈಗ ಮೇಲರ್ಧಾನೂ ಕಾಣಲ್ಲ.”

ಕತ್ತರಿಯಕ್ಕ ಇದನ್ನು ಯೋಚಿಸಿಯೇ ಇರಲಿಲ್ಲ. ಹೆಡ್‌ಮಾಸ್ಟರ ನಿಯಮಕ್ಕೆ ತೊಡೆ ತಟ್ಟಿದ ಖುಷಿಯಲ್ಲಿ, ಕಾವಲುಗಾರನ ಮಗಳಿಗೂ ಆ ಅವಳಿಗಳಿಗೂ ಹಮಾಲಿಯ ಮಗನಿಗೂ ತಾನೇ ಗೋಡೆ ಕಟ್ಟಿ ಬಂದಿದ್ದಳು. ಮಕ್ಕಳು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರಂತೆ. ಕಾವಲುಗಾರನ ಮಗಳು ಸೂಜಿಯ ಪಕ್ಕ ಸೀಟಿನಲ್ಲಿ, ಅವಳಿಗಳು ಎರಡು ಕೈಗಳ ಮೇಲೆ, ಹಮಾಲಿಯ ಮಗ ಫುಟ್‌ರೆಸ್ಟಿನ ಮೇಲೆ. ಐದು ಜನ ಒಂದೇ ಕುರ್ಚಿಯಲ್ಲಿ, ಪೆಡಲ್ ತುಳಿದು ಮೇಲೇರಿಸಿಕೊಂಡು ಕೂತಿದ್ದರು. ಟೀಚರು ಕಂಡೂ ಕಾಣದ ಹಾಗೆ ಪಾಠ ಮಾಡಿದಳಂತೆ. ಕಂಡೂ ಕಾಣದ ಹಾಗಿರಲು ಹೆಡ್‌ಮಾಸ್ಟರಿಗೆ ಆಗಲಿಲ್ಲ. ನಾಲ್ವರನ್ನೂ ಕೆಳಗಿಳಿಸಿ, ಅಧಿಕಾರಿಗಳು ಬರುವ ಸೋಮವಾರ ಅವರು ಶಾಲೆಗೆ ಬರುವುದೇ ಬೇಡ, ಆಮೇಲೂ ಕುರ್ಚಿಯಿದ್ದರೆ ಮಾತ್ರ ಬರಲಿ ಎಂದು ಹೇಳಿ ಹೋದರಂತೆ.

“ಹಾಗಾದ್ರೆ ನಾನೂ ಇಳೀತೀನಿ” ಎಂದಳು ಸೂಜಿ.

“ಇಳಿದ್ರೆ ಕಾಲು ಮುರೀತೀನಿ” ಎಂದಳು ಕತ್ತರಿಯಕ್ಕ. ಅಷ್ಟು ಹೇಳಿ ಅಂಗಡಿಗೆ ಬಂದು, ಕುರ್ಚಿಯಿದ್ದ ಜಾಗದಲ್ಲಿ ಉಳಿದ ನಾಲ್ಕು ಬೋಲ್ಟಿನ ತೂತುಗಳನ್ನು ನೋಡುತ್ತ ನಿಂತಳು. ತನ್ನ ಮಗಳು ಗೆದ್ದಳು, ಉಳಿದವರ ಪಾಡು ಉಳಿದವರಿಗೆ ಎಂದು ಮಲಗಿಬಿಡಬಹುದಿತ್ತು. ಹಾಗೆ ಮಲಗುವವರು ಬೇಕಾದಷ್ಟು ಜನ ಇದ್ದರು, ಅವರೆಲ್ಲ ಸಭೆಯಲ್ಲಿ ನಕ್ಕವರು. ಅವಳು ಅಪ್ಪನನ್ನು ಕರೆದು, ಮನೆಯಲ್ಲಿ ಉಳಿದಿದ್ದ ನೀಲಿ ಬಣ್ಣದ ಡಬ್ಬಿ ಎಲ್ಲಿದೆ ಎಂದು ಕೇಳಿದಳು.

ಮರುದಿನ ಅಂಗಡಿಯೊಳಗೆ, ಗಿರಾಕಿಗಳು ಕಾಯುವ ಬೆಂಚಿನ ಹಿಂದಿನ ಗೋಡೆಯ ಮೇಲೆ ಒಂದು ಹಲಗೆ ನೇತಾಡುತ್ತಿತ್ತು. ಹೇಳಿದವಳು ಕತ್ತರಿಯಕ್ಕ, ಬರೆದವನು ಅಪ್ಪ, ಹಾಗಾಗಿ ಅಕ್ಷರಗಳೆಲ್ಲ ಚಳಿ ಹಿಡಿದವರ ಹಾಗೆ ನಡುಗುತ್ತಿದ್ದವು. ಮೇಲೆ ದಪ್ಪಗೆ, ‘ಇಲ್ಲಿ ಕ್ಷೌರ ಉಚಿತ. ಕುರ್ಚಿ ಮಾತ್ರ ನೀವೇ ತರಬೇಕು.’ ಕೆಳಗೆ ಸಣ್ಣಗೆ, ‘ತಂದ ಕುರ್ಚಿ ವಾಪಸು ಸಿಗುವುದಿಲ್ಲ. ಅದು ನೆಲದ ಮೇಲೆ ಕೂತ ಮಗುವಿಗೆ. ಆ ಮಗು ಶಾಲೆ ಮುಗಿಸುವವರೆಗೆ ನಿಮ್ಮ ಕ್ಷೌರ ನಮ್ಮದು.’

ಊರು ಮೊದಲು ನಕ್ಕಿತು. ಈ ಸಲದ ನಗು ಬೇರೆ ಥರದ್ದು. ನಕ್ಕು ಹೋದವನು ಮನೆಯಲ್ಲಿ ಮೂಲೆಯ ಕಡೆ ಕಣ್ಣು ಹಾಯಿಸಿದ. ಸೈಕಲ್ ರಿಪೇರಿಯವನು ಒಂದು ಕಬ್ಬಿಣದ ಕುರ್ಚಿ ತಂದ, ಅದರ ಮುರಿದ ಕಾಲಿಗೆ ಅವನೇ ಬೆಸುಗೆ ಹಾಕಿದ್ದ. ಬಸ್ ಏಜೆಂಟನು ಗುಜರಿಗೆ ಹೋದ ಬಸ್ಸಿನ ಸೀಟೊಂದಕ್ಕೆ ಕಾಲು ಕಟ್ಟಿಸಿ ತಂದ. ಟಿಕೆಟ್ ಇಲ್ಲದೆ ಕೂರಿಸಬೇಡಿ ಎಂದು ಹೇಳಿ ಹೋದ. ಗಲ್ಲ ಕೊಯ್ಸಿಕೊಂಡ ಕಟುಕನೂ ಬಂದ, ಅವನ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿ ಹೊತ್ತು. ಅವನು ಇನ್ನು ದಿನವಿಡೀ ನಿಂತೇ ವ್ಯಾಪಾರ ಮಾಡಬೇಕಿತ್ತು. ಪರವಾಗಿಲ್ಲ, ಕೂತು ಕೂತು ಹೊಟ್ಟೆ ಬಂದಿದೆ ಎಂದ. ತರಗತಿಗೆ ಹೋಗಿ ಸೇರಿದ ಒಂದೊಂದು ಕುರ್ಚಿಯೂ ಇನ್ನೆಲ್ಲೋ ಒಬ್ಬರನ್ನು ನಿಲ್ಲಿಸಿತ್ತು. ಅವಳಿಗಳು ಕೂತರು, ಹಮಾಲಿಯ ಮಗ ಕೂತ. ಸೂಜಿ ತನ್ನ ದೊಡ್ಡ ಕುರ್ಚಿಯನ್ನು ಟೀಚರಿಗೆ ಹೇಳಿ ಕೊನೆಯ ಸಾಲಿಗೆ ಎಳೆಸಿಕೊಂಡಳು. ಉಳಿದವಳು ಕಾವಲುಗಾರನ ಮಗಳೊಬ್ಬಳು.

ಅಧಿಕಾರಿಗಳು ಬರುವ ಮುಂಚಿನ ಶನಿವಾರ ಸಂಜೆಯವರೆಗೂ ನಾಲ್ಕನೆಯ ಕುರ್ಚಿ ಬರಲಿಲ್ಲ. ಕತ್ತರಿಯಕ್ಕ ಬೀದಿಯ ಕಡೆಗೇ ಕಣ್ಣಿಟ್ಟು ಕೆಲಸ ಮಾಡುತ್ತಿದ್ದಳು. ಬಂದವರು ಹೆಡ್‌ಮಾಸ್ಟರು.

ಅವರು ಮೂರು ವಾರದಿಂದ ಇತ್ತ ತಲೆ ಹಾಕಿರಲಿಲ್ಲ. ಗಾಜಿನ ಬಾಗಿಲಿನ ಸಲೂನಿಗೆ ಹೋಗಿ ದದ್ದು ಎಬ್ಬಿಸಿಕೊಂಡಿದ್ದರು, ದದ್ದಿನ ಮೇಲೆ ಗಡ್ಡ ಬೆಳೆದಿತ್ತು. ಆ ಮುಖ ಹೊತ್ತು ಅಧಿಕಾರಿಗಳ ಮುಂದೆ ನಿಲ್ಲುವಂತಿರಲಿಲ್ಲ. ಬೆಂಚಿನ ತುಂಬ ಜನ ಕೂತಿದ್ದರು, ನಟ್ಟ ನಡುವೆ ಅಪ್ಪ. ಅವರ ತಲೆಗಳ ಮೇಲೆ ಕಾಣುತ್ತಿದ್ದಷ್ಟು ಹಲಗೆಯನ್ನು ಹೆಡ್‌ಮಾಸ್ಟರು ಓದಿದರು. ತಮ್ಮ ಗೋಡೆಯ ನೀಲಿ ಅಕ್ಷರ ಇಲ್ಲಿ ಹೀಗೆ ನಡುಗುತ್ತಿರುವುದು ಕಂಡು ಅವರ ಕಿವಿ ಕೆಂಪಾಯಿತು. ದುಡ್ಡು ಕೊಡುತ್ತೇನೆ, ಸ್ಟೂಲಿನ ಮೇಲೇ ಮಾಡಿಬಿಡು ಎಂದರು.

“ಬೆನ್ನಿರ್ಬೇಕು ಸರ್” ಎಂದಳು ಕತ್ತರಿಯಕ್ಕ. “ನೀವು ಒರಗಬೇಕಲ್ಲ.”

ಬೆಂಚಿನ ಮೇಲೆ ಯಾರೂ ನಗಲಿಲ್ಲ. ಎಲ್ಲರಿಗೂ ಇದ್ದಕ್ಕಿದ್ದಂತೆ ಕೆಮ್ಮು ಬಂದಿತ್ತು. ಹೆಡ್‌ಮಾಸ್ಟರು ಹೊರಟುಹೋದರು. ಇನ್ನು ಬರುವುದಿಲ್ಲ ಎಂದು ಕಟುಕ ಹೇಳಿದ, ಬರುತ್ತಾರೆ ಎಂದು ಅಪ್ಪ ಹೇಳಿದ. ಶಾಲೆಯ ಕುರ್ಚಿ ಗೇಟು ದಾಟುವಂತಿಲ್ಲ, ನಿಯಮ ಮಾಡಿದವರು ಅವರೇ. ಭಾವಮೈದ ಪುಕ್ಕಟೆ ಕುರ್ಚಿ ಕೊಡುವ ಪೈಕಿಯಲ್ಲ. ಉಳಿದದ್ದು ಮನೆಯದು. ಸ್ವಲ್ಪ ಹೊತ್ತಿಗೆ ಬೀದಿಯ ತುದಿಯಲ್ಲಿ ಅವರು ಕಂಡರು. ಕರಿಮರದ, ಬೆನ್ನಿಗೆ ಕೆತ್ತನೆಯಿದ್ದ, ದಿನವೂ ಕೂತು ಪೇಪರು ಓದುವ ಕುರ್ಚಿಯನ್ನು ಎದೆಗವುಚಿಕೊಂಡು, ಎರಡು ಹೆಜ್ಜೆಗೊಮ್ಮೆ ಇಳಿಸಿ ಉಸಿರು ಬಿಡುತ್ತ ಬರುತ್ತಿದ್ದರು. ಬೀದಿಯ ಎರಡೂ ಕಡೆ ಬಾಗಿಲುಗಳಲ್ಲಿ ಜನ ನಿಂತಿದ್ದರು. ಯಾರೂ ಕೈಹಚ್ಚಲು ಮುಂದೆ ಬರಲಿಲ್ಲ. ಕುರ್ಚಿ ಹೊರುವುದೆಂದರೆ ಏನೆಂದು ಊರಿನ ಬಹಳ ಜನರಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಕತ್ತರಿಯಕ್ಕ ಅವರನ್ನು ಕೂರಿಸಿ ಬಿಳಿ ಬಟ್ಟೆ ಹೊದಿಸಿದಳು. ಬಿಸಿನೀರಿನಲ್ಲಿ ಬ್ರಶ್ ಅದ್ದಿ ನೊರೆ ಎಬ್ಬಿಸಿದಳು. ಆ ಗಲ್ಲದ ಮೇಲೆ ಅಂದು ಅವಳು ಹರಿಸಿದಷ್ಟು ನಿಗಾ ಹಿಂದೆಂದೂ ಹರಿಸಿರಲಿಲ್ಲ. ದದ್ದುಗಳ ಸುತ್ತ ಬಳಸಿ, ಕತ್ತಿನ ಮಡಿಕೆಯಲ್ಲಿ ಉಸಿರು ಬಿಗಿಹಿಡಿದು, ಒಂದು ಗೀರೂ ಬೀಳದಂತೆ ಮುಗಿಸಿದಳು. ಸಿಟ್ಟನ್ನು ಕತ್ತಿಗೆ ಹತ್ತಲು ಬಿಟ್ಟರೆ ಅವಳು ಯಾವ ಸೀಮೆಯ ಕಸುಬಿನವಳು? ಹೆಡ್‌ಮಾಸ್ಟರು ಕನ್ನಡಿ ನೋಡಿಕೊಂಡರು, ಗಲ್ಲ ಸವರಿಕೊಂಡರು, ಮುಖ ಸಡಿಲವಾಯಿತು. ಎದ್ದು ಕುರ್ಚಿಗೆ ಕೈ ಹಾಕಿದರು.

ಅಪ್ಪ ಅಷ್ಟು ಹೊತ್ತಿಗೆ ಬೆಂಚಿನಿಂದ ಎದ್ದು ಪಕ್ಕಕ್ಕೆ ಸರಿದಿದ್ದ. ಹಲಗೆ ಪೂರ್ತಿ ಕಾಣುತ್ತಿತ್ತು. ಹೆಡ್‌ಮಾಸ್ಟರು ಓದಿದರು, ಮತ್ತೆ ಓದಿದರು.

“ನಾನು ಕೆಳಗಿನ ಸಾಲು ನೋಡ್ಲಿಲ್ಲ” ಎಂದರು. “ಇವರೆಲ್ಲ ಅಡ್ಡ ಕೂತಿದ್ರು. ಮೇಲಿಂದು ಮಾತ್ರ ಕಾಣ್ತಿತ್ತು.”

“ಮೇಲರ್ಧ ಮಾತ್ರ ಕಂಡ್ರೆ ಲೆಕ್ಕ ತಪ್ಪತ್ತೆ ಸರ್” ಎಂದಳು ಕತ್ತರಿಯಕ್ಕ. “ನನ್ನ ಮಗಳಿಗೂ ಹಾಗೇ ತಪ್ಪಿತ್ತು.”

ಹೆಡ್‌ಮಾಸ್ಟರು ತೀರ ಸಣ್ಣ ದನಿಯಲ್ಲಿ, ಇದು ನನ್ನ ಮನೆಯಲ್ಲಿರುವ ಒಂದೇ ಒಳ್ಳೆಯ ಕುರ್ಚಿ, ನಾನೆಲ್ಲಿ ಕೂರಲಿ ಎಂದು ಕೇಳಿದರು. ನೆಲ ಇದೆಯಲ್ಲ ಎನ್ನುವ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂತು. ಅವಳು ನುಂಗಲಿಲ್ಲ, ಹೇಳಿಯೇ ಬಿಟ್ಟಳು.

ಸೋಮವಾರ ಅಧಿಕಾರಿಗಳು ಬಂದಾಗ ಯಾವ ಮಗುವೂ ನೆಲದ ಮೇಲಿರಲಿಲ್ಲ. ಬಸ್ಸಿನ ಸೀಟು, ಬೆಸುಗೆಯ ಕಾಲು, ಕ್ಷೌರದ ಸಿಂಹಾಸನ ನೋಡಿ ಅವರ ಹುಬ್ಬು ಮೇಲೇರಿತು. ಕೆತ್ತನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ ಕಾವಲುಗಾರನ ಮಗಳನ್ನು, ಇಷ್ಟು ಚೆಂದದ ಕುರ್ಚಿ ಯಾರದು ಎಂದು ಕೇಳಿದರು. ಹೆಡ್‌ಮಾಸ್ಟರದು, ಅವರೇ ಮನೆಯಿಂದ ಹೊತ್ತು ತಂದರು ಎಂದು ಅವಳು ಹೇಳಿದಳು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಧಿಕಾರಿಗಳು ಹೆಡ್‌ಮಾಸ್ಟರ ಕೈ ಕುಲುಕಿ ಹೊಗಳಿದರು. ಬಿಟ್ಟಿ ಬಂದ ಆ ಹೊಗಳಿಕೆಯನ್ನು ಹೊತ್ತುಕೊಂಡು ನಿಲ್ಲುವುದು, ಕುರ್ಚಿ ಹೊತ್ತದ್ದಕ್ಕಿಂತ ಕಷ್ಟವಾಯಿತೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು ಎಂದು ಸೂಜಿ ಬಂದು ತಾತನಿಗೆ ವರದಿ ಒಪ್ಪಿಸಿದಳು. ಟೀಚರು ಮಾತ್ರ ಸುಮ್ಮನಿರಲಿಲ್ಲ. ಬೆಂಚಿಗೆ ಬರೆದ ಅರ್ಜಿಗಳೆಲ್ಲ ಏನಾದವು ಎಂದು ಅಧಿಕಾರಿಗಳನ್ನು ಎಲ್ಲರೆದುರೇ ಕೇಳಿದಳಂತೆ. ಅವರು ಕೈಗಡಿಯಾರ ನೋಡಿಕೊಂಡರಂತೆ.

ಮುಂದಿನ ಶನಿವಾರ ಹೆಡ್‌ಮಾಸ್ಟರು ತಪ್ಪದೆ ಬಂದರು. ಕ್ಷೌರ ಅವರಿಗೀಗ ಉಚಿತ, ಕಾವಲುಗಾರನ ಮಗಳು ಶಾಲೆ ಮುಗಿಸುವವರೆಗೆ. ಸುಮ್ಮನೆ ಸ್ಟೂಲಿನ ಮೇಲೆ ಕೂತು ಗೋಡೆಯ ದಿಂಬಿಗೆ ತಲೆಯಾನಿಸಿದರು. ನೊರೆ ಹಚ್ಚುವ ಮುಂಚೆ, ಕಣ್ಣು ಮುಚ್ಚಿಕೊಂಡೇ ಹೇಳಿದರು. ತಾವು ಮಾಡಿದ ಕುರ್ಚಿಯ ನಿಯಮವನ್ನು ತಾವೇ ತೆಗೆದುಹಾಕಿದ್ದಾರೆ. ಬೆಂಚು ಬರುವುದು ಯಾವಾಗಲೋ, ಅಲ್ಲಿಯವರೆಗೆ ಶಾಲೆಯ ಹಳೆಯ ಬಾಗಿಲು, ಕಪಾಟುಗಳನ್ನೇ ಕಡಿದು ಕೂಡಿಸಿ ಕೆಲವು ಬೆಂಚು ಮಾಡಿಸುತ್ತಾರೆ, ದುಡ್ಡಿಗೆ ಪಾಲಕರ ಹತ್ತಿರ ಕೈಚಾಚುವುದಿಲ್ಲ. ಕತ್ತರಿಯಕ್ಕ ಸೋಮವಾರವೇ ಬಂದು ತನ್ನ ಕುರ್ಚಿ ಒಯ್ಯಬಹುದು. ನಂಬರು ಅಳಿಸಲು ಜವಾನನಿಗೆ ಹೇಳಿದ್ದಾರೆ.

ಅಪ್ಪ ಪೆಟ್ಟಿಗೆಯ ಮೇಲಿಂದ ತಲೆಯೆತ್ತಿದ. ನೆಲದ ನಾಲ್ಕು ತೂತುಗಳನ್ನು ನೋಡಿದ, ಮಗಳನ್ನು ನೋಡಿದ. ಕತ್ತರಿಯಕ್ಕ ಬ್ರಶ್ಶನ್ನು ನೊರೆಯಲ್ಲಿ ತಿರುಗಿಸುತ್ತಲೇ ಇದ್ದಳು. ಆ ದಿನ ತರಗತಿಯ ಬಾಗಿಲಲ್ಲಿ ಹೆಜ್ಜೆ ನಿಂತದ್ದು ಯಾಕೆಂದು ಅವಳಿಗೆ ಈಗ ಹೊಳೆಯಿತು.

“ಬೇಡ ಸರ್” ಎಂದಳು. “ನಮ್ಮಪ್ಪ ಆ ಕುರ್ಚಿ ಪಕ್ಕ ನಿಂತೇ ಮುದುಕರಾದ್ರು. ನಾನೂ ನಿಂತೇ ಇದ್ದೀನಿ. ನಮ್ಮ ಮನೆಯವರೊಬ್ಬರು ಅದರ ಮೇಲೆ ಕೂತಿರೋದು ಇದೇ ಮೊದಲು. ಅವಳನ್ನ ಎಬ್ಬಿಸ್ಬೇಡಿ.”

ಹೆಡ್‌ಮಾಸ್ಟರು ಕಣ್ಣು ತೆರೆಯಲಿಲ್ಲ. ಅಪ್ಪ ನಡುಗುವ ಕೈಯಿಂದ ಎಣ್ಣೆಯ ಡಬ್ಬಿಯನ್ನು ತೆಗೆದು, ಪೆಡಲಿಗೆ ಎಣ್ಣೆ ಬೇಕಾಗಿರಬಹುದು, ಸೋಮವಾರ ಸೂಜಿಯ ಬ್ಯಾಗಿಗೆ ಹಾಕಿ ಕಳಿಸು ಎಂದ. ಕತ್ತರಿಯಕ್ಕ ಆಗಲಿ ಎಂದು ಹೇಳಿ, ಕ್ಷೌರ ಶುರು ಮಾಡಿದಳು.